ಅಧ್ಯಕ್ಷರ ಪಟ್ಟಿ ಇದೆ, ಚರಿತ್ರೆ ಎಲ್ಲಿ?

ಹೋದ ತಿಂಗಳ ಅಂಕಣದಲ್ಲಿ ಯಾವುದೋ ಮಾತಿಗೆ, ನಾನು ಒಂದು ಸೇವಾ ಕ್ಲಬ್ಬಿಗೆ ನಾಲ್ಕು ಸಲ ಕಾರ್ಯದರ್ಶಿಯಾಗಿದ್ದೆ, ಒಂದು ಸಲವೂ ಅಧ್ಯಕ್ಷನಾಗಲಿಲ್ಲ ಎಂದು ಬರೆದಿದ್ದೆ. ಅದನ್ನು ಕೆಲವರು ಕೊರಗು ಎಂದುಕೊಂಡಿದ್ದಾರೆ. ಕೊರಗಲ್ಲ, ಜಂಬ. ಅದೇನೇ ಇರಲಿ, ಆ ಒಂದು ಸಾಲಿನ ದೆಸೆಯಿಂದ ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಕ್ಲಬ್ಬುಗಳ ಮೇಲೆಯೇ. ಆಯ್ದ ಕೆಲವಕ್ಕೆ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಕ್ಲಬ್ಬಿಗೆ ಮುಂದಿನ ವರ್ಷ 50 ತುಂಬುತ್ತದೆ. ಸ್ಮರಣ ಸಂಚಿಕೆಗೆ ಕ್ಲಬ್ಬಿನ ಚರಿತ್ರೆ ಬರೆಯುವ ಕೆಲಸ ನನ್ನ ಕೊರಳಿಗೆ ಬಿದ್ದಿದೆ. ಕೈಯಲ್ಲಿರುವುದು ಅಧ್ಯಕ್ಷರ ಪಟ್ಟಿ, ಒಂದು ಪೆಟ್ಟಿಗೆ ಫೋಟೊ, ಅಷ್ಟೆ. ಎಲ್ಲಿಂದ ಶುರು ಮಾಡಲಿ?
(ಹೆಸರು ಬೇಡವೆಂದ ಹಾಲಿ ಕಾರ್ಯದರ್ಶಿ)

ಉತ್ತರ: ಮೊದಲು ಆ ಪಟ್ಟಿಯನ್ನು ಕೊನೆಯ ಪುಟಕ್ಕೆ ಕಳಿಸಿಬಿಡಿ. ಪಟ್ಟಿಯಿಂದ ಶುರುವಾದ ಚರಿತ್ರೆ ಪಟ್ಟಿಯಾಗಿಯೇ ಮುಗಿಯುತ್ತದೆ. ಒಬ್ಬೊಬ್ಬರಿಗೂ ಒಂದೊಂದು ಪ್ಯಾರಾ, ಪ್ರತಿ ಪ್ಯಾರಾದಲ್ಲೂ ‘ಇವರ ಅವಧಿಯಲ್ಲಿ ಅನೇಕ ಜನೋಪಯೋಗಿ ಕಾರ್ಯಕ್ರಮಗಳು ನಡೆದವು’. ಓದುವವರು ತಮ್ಮ ಹೆಸರು ಹುಡುಕುತ್ತಾರೆ, ಸಿಕ್ಕಿದ ಮೇಲೆ ಮುಚ್ಚಿಡುತ್ತಾರೆ.

ಕ್ಲಬ್ಬಿನ ಯಜಮಾನಿಕೆ ವರ್ಷಕ್ಕೊಬ್ಬರದು. ಜುಲೈ 1ಕ್ಕೆ ಏರಿದವರು ಜೂನ್ 30ಕ್ಕೆ ಇಳಿಯುತ್ತಾರೆ. ಹಾಗಾಗಿ ಕ್ಲಬ್ಬನ್ನು ಉಳಿಸಿದವರು ಯಾರು ಎಂದು ಹುಡುಕುತ್ತ ಹೋದರೆ ಅಧ್ಯಕ್ಷರ ಸಾಲಿನಲ್ಲಿ ಉತ್ತರ ಸಿಗುವುದು ಕಡಿಮೆ. ರೋಟರಿಯ ಮೂಲವನ್ನೇ ನೋಡಿ. 1905ರ ಫೆಬ್ರುವರಿ 23ರ ರಾತ್ರಿ ಶಿಕಾಗೊದ ಯೂನಿಟಿ ಬಿಲ್ಡಿಂಗಿನ 711ನೆಯ ಕೋಣೆಯಲ್ಲಿ ನಾಲ್ವರು ಕೂತರು: ವಕೀಲ ಪಾಲ್ ಹ್ಯಾರಿಸ್, ಕಲ್ಲಿದ್ದಲು ವ್ಯಾಪಾರಿ ಸಿಲ್ವೆಸ್ಟರ್ ಶೀಲ್, ಗಣಿ ಎಂಜಿನಿಯರ್ ಗಸ್ಟೇವಸ್ ಲೋರ್, ದರ್ಜಿ ಅಂಗಡಿಯ ಹೈರಮ್ ಶೋರಿ. ಕರೆದವರು ಹ್ಯಾರಿಸ್, ಕೋಣೆ ಲೋರ್ ಅವರದು, ಮೊದಲ ಅಧ್ಯಕ್ಷರಾದವರು ಶೀಲ್. ಮುಂದೆ 1910ರಲ್ಲಿ 16 ಕ್ಲಬ್ಬುಗಳು ಸೇರಿ ಸಂಘ ಮಾಡಿಕೊಂಡಾಗ ಚೆಸ್ಲಿ ಪೆರ್‍ರಿ ಎಂಬುವರನ್ನು ಕಾರ್ಯದರ್ಶಿ ಮಾಡಿದರು. ಅವರು 1942ರ ತನಕ, 32 ವರ್ಷ, ಅದೇ ಕುರ್ಚಿಯಲ್ಲಿದ್ದರು. ಲಯನ್ಸ್ ಕಟ್ಟಿದ ಮೆಲ್ವಿನ್ ಜೋನ್ಸ್ ಅಂತೂ ತಾವು ಕಟ್ಟಿದ ಸಂಸ್ಥೆಗೆ ಅಂತರರಾಷ್ಟ್ರೀಯ ಅಧ್ಯಕ್ಷರಾಗಲೇ ಇಲ್ಲ. ಕಾರ್ಯದರ್ಶಿಯಾಗಿ ಬಂದರು, ಕಾರ್ಯದರ್ಶಿಯಾಗಿಯೇ ಉಳಿದರು. ನನ್ನ ಜಂಬಕ್ಕೆ ಕಾರಣ ಈಗ ತಿಳಿಯಿತಲ್ಲ?

ಆದ್ದರಿಂದ ಹಿಂದಿನ ಕಾರ್ಯದರ್ಶಿಗಳ ಮನೆ ಬಾಗಿಲು ತಟ್ಟಿ. ನಡಾವಳಿ ಪುಸ್ತಕಗಳು ಕ್ಲಬ್ಬಿನ ಬೀರುವಿನಲ್ಲಿ ಇರುವುದಿಲ್ಲ, ಯಾರದೋ ಮನೆಯ ಅಟ್ಟದಲ್ಲಿ ಇರುತ್ತವೆ. ಅವರು ತೀರಿಕೊಂಡಿದ್ದರೆ ಮಕ್ಕಳನ್ನು ಕೇಳಿ. ‘ಅಪ್ಪನ ಹಳೇ ಪೇಪರು’ ಎಂದು ರದ್ದಿಗೆ ಹಾಕುವ ಮುಂಚೆ ಕೇಳಿ. ನಡಾವಳಿ ಸಿಕ್ಕ ಮೇಲೆ ಖಜಾಂಚಿಯ ಲೆಕ್ಕದ ಪುಸ್ತಕ ತೆಗೆದು ಪಕ್ಕದಲ್ಲಿಡಿ. ಠರಾವಿನಲ್ಲಿ ಎಲ್ಲ ಕ್ಲಬ್ಬುಗಳೂ ದಾನಶೂರರೇ. ವೋಚರಿನಲ್ಲಿ ನಿಜ ಇರುತ್ತದೆ. ಒಂದೇ ಕೆಲಸಕ್ಕೆ ಮೂರು ವರ್ಷ ಠರಾವಾಗಿ, ಒಮ್ಮೆಯೂ ದುಡ್ಡು ಖರ್ಚಾಗಿಲ್ಲ ಎಂದು ಕಂಡರೆ ಅದನ್ನೂ ಬರೆಯಿರಿ. ಯಾಕೆ ಆಗಲಿಲ್ಲ ಎಂದು ಇಬ್ಬರು ಹಿರಿಯರನ್ನು ಬೇರೆ ಬೇರೆಯಾಗಿ ಕೂರಿಸಿ ಕೇಳಿದರೆ ಸಂಚಿಕೆಯ ಅತ್ಯಂತ ಸ್ವಾರಸ್ಯದ ಪುಟ ನಿಮಗೆ ಸಿಗುತ್ತದೆ.

ನಾನು ನಮ್ಮ ಕ್ಲಬ್ಬಿನ 25ನೆಯ ವರ್ಷಕ್ಕೆ ಇದೇ ಕೆಲಸ ಮಾಡಿದ್ದೆ. ಒಂದು ನಡಾವಳಿಯಲ್ಲಿ ಒಂದೇ ಸಾಲು: ‘ರೋಗಿಗಳಿಗೆ ಗಾಲಿಕುರ್ಚಿ ಎರವಲು ಕೊಡುವುದೆಂದು ತೀರ್ಮಾನಿಸಲಾಯಿತು.’ ಯಾವ ವಾರ್ಷಿಕ ವರದಿಯಲ್ಲೂ ಆಮೇಲೆ ಅದರ ಸುದ್ದಿ ಇಲ್ಲ. ನಿಂತುಹೋಗಿರಬೇಕು ಎಂದುಕೊಂಡೆ. ಕ್ಲಬ್ಬಿನ ಕಟ್ಟಡದ ವಾಚ್‌ಮನ್ ನನ್ನ ತಡಕಾಟ ನೋಡಿ, ‘ಸಾರ್, ಆ ರಿಜಿಸ್ಟರ್ ನನ್ನ ಹತ್ತಿರ ಇದೆ’ ಎಂದ. ಎರಡು ಗಾಲಿಕುರ್ಚಿ, ಒಂದು ವಾಕರ್, ಒಂದು ಜೊತೆ ಊರುಗೋಲು. ಹತ್ತೊಂಬತ್ತು ವರ್ಷ ಅವು ಮನೆಯಿಂದ ಮನೆಗೆ ಓಡಾಡಿದ್ದವು. ಕೊಟ್ಟ ತಾರೀಕು, ಪಡೆದವರ ಸಹಿ, ವಾಪಸು ಬಂದ ತಾರೀಕು, ಎಲ್ಲ ಇತ್ತು. ಕೊನೆಗೆ ‘ಷರಾ’ ಎಂದೊಂದು ಕಾಲಂ. ಹೆಚ್ಚಿನ ಕಡೆ ಅದು ಖಾಲಿ. ಖಾಲಿ ಯಾಕೆ ಎಂದು ಕೇಳಿದ್ದಕ್ಕೆ ಅವನು ನೆಲ ನೋಡಿದ. ನಾನು ಮತ್ತೆ ಕೇಳಲಿಲ್ಲ. ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ಅವನ ದುಂಡು ಅಕ್ಷರದಲ್ಲಿ ಹೀಗಿತ್ತು: ‘ಅವರೇ ತಳ್ಳಿಕೊಂಡು ಬಂದು ಕೊಟ್ಟರು.’

ಕುರ್ಚಿಯಲ್ಲಿ ಕೂತು ಹೋದವರು ಕುರ್ಚಿಯನ್ನು ತಳ್ಳಿಕೊಂಡು ಬಂದಿದ್ದರು. ಆ ಹತ್ತೊಂಬತ್ತು ವರ್ಷದಲ್ಲಿ ಹತ್ತೊಂಬತ್ತು ಅಧ್ಯಕ್ಷರು ಬಂದುಹೋಗಿದ್ದರು, ಅವರಲ್ಲಿ ಅರ್ಧಕ್ಕರ್ಧ ಜನಕ್ಕೆ ಈ ರಿಜಿಸ್ಟರ್ ಇರುವುದೇ ಗೊತ್ತಿರಲಿಲ್ಲ. ಅದರ ಒಂದು ಫೋಟೊ ಕೂಡ ಇಲ್ಲ. ಸಂಚಿಕೆಗೆ ರಿಜಿಸ್ಟರಿನ ಒಂದು ಪುಟವನ್ನೇ, ಹೆಸರುಗಳನ್ನು ಮರೆಮಾಡಿ, ಅಚ್ಚು ಹಾಕಿಸಿದೆ.

ಫೋಟೊ ಎಂದರೆ ನೆನಪಾಯಿತು. ನಿಮ್ಮ ಪೆಟ್ಟಿಗೆಯಲ್ಲಿರುವ ಒಂದೊಂದರ ಹಿಂದೆಯೂ ಪೆನ್ಸಿಲಿನಲ್ಲಿ ಹೆಸರು ಬರೆಸಿ. ಹಿರಿಯ ಸದಸ್ಯರು ಇರುವಾಗಲೇ ಬರೆಸಿ. ನಡುವೆ ನಿಂತವರ ಹೆಸರು ಎಲ್ಲರಿಗೂ ಗೊತ್ತಿರುತ್ತದೆ. ಬ್ಯಾನರಿನ ತುದಿ ಹಿಡಿದು ಅರ್ಧ ಮುಖ ಮಾತ್ರ ಕಾಣುವವರು ಯಾರು ಎಂದು ಕೇಳಿ.

ಇನ್ನೊಂದು ಎಚ್ಚರಿಕೆ. ‘ಮೊಟ್ಟಮೊದಲು ಮಾಡಿದ್ದು ನಮ್ಮ ಕ್ಲಬ್ಬೇ’ ಎಂದು ಬರೆಯುವ ಮುನ್ನ ಎರಡು ಸಲ ಯೋಚಿಸಿ. ಅಂಧರ ಬಿಳಿ ಕೋಲಿನ ಉದಾಹರಣೆ ಕೊಡುತ್ತೇನೆ. ಅಮೆರಿಕದ ಪಿಯೋರಿಯಾ ಲಯನ್ಸ್ ಕ್ಲಬ್ಬಿನ ಅಧ್ಯಕ್ಷ ಜಾರ್ಜ್ ಬೊನಾಮ್ ಒಬ್ಬ ಅಂಧ ವ್ಯಕ್ತಿ ರಸ್ತೆ ದಾಟಲಾರದೆ ನಿಂತದ್ದನ್ನು ಕಂಡರು. ಆತನ ಕಪ್ಪು ಕೋಲು ವಾಹನದವರಿಗೆ ಕಾಣುತ್ತಿರಲಿಲ್ಲ. ಕೋಲಿಗೆ ಬಿಳಿ ಬಣ್ಣ ಬಳಿದು ಕೆಂಪು ಪಟ್ಟಿ ಹಾಕಿದರೆ ಹೇಗೆ ಎಂದು ಹೊಳೆಯಿತು. 1930ರಲ್ಲಿ ಆ ನಗರದ ಆಡಳಿತ, ಬಿಳಿ ಕೋಲು ಹಿಡಿದವರಿಗೆ ದಾರಿ ಬಿಡಬೇಕೆಂದು ಕಾನೂನನ್ನೇ ಮಾಡಿತು. ದೊಡ್ಡ ಕೆಲಸ. ಆದರೆ ಅದಕ್ಕೂ ಮುಂಚೆ, 1921ರಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್ಲಿನಲ್ಲಿ ದೃಷ್ಟಿ ಕಳೆದುಕೊಂಡ ಛಾಯಾಗ್ರಾಹಕ ಜೇಮ್ಸ್ ಬಿಗ್ಸ್ ತಮ್ಮ ಕೋಲಿಗೆ ತಾವೇ ಬಿಳಿ ಬಣ್ಣ ಬಳಿದುಕೊಂಡಿದ್ದರು. ಕ್ಲಬ್ಬಿನ ಹೆಚ್ಚುಗಾರಿಕೆ ಅದನ್ನು ಕಾನೂನಿನ ತನಕ ಒಯ್ದದ್ದರಲ್ಲಿದೆ. ಹಾಗೆ ಬರೆದರೆ ಯಾರೂ ತಕರಾರು ತೆಗೆಯುವುದಿಲ್ಲ.

ಪ್ರಶ್ನೆ: ನೇರವಾಗಿ ಕೇಳುತ್ತೇನೆ. ಕ್ಲಬ್ಬಿಗೆ ಸೇರುವವರೆಲ್ಲ ವ್ಯಾಪಾರಕ್ಕೆ ನಾಲ್ಕು ಜನರ ಪರಿಚಯ ಆಗಲಿ ಎಂದೇ ಸೇರುವುದು. ಸೇವೆ ಎಂಬುದು ನೆಪ, ಅಲ್ಲವೇ?
(ಸದಸ್ಯರಾಗಲು ಎರಡು ಸಲ ಕರೆ ಬಂದರೂ ಹೋಗದ ಓದುಗರು)

ಉತ್ತರ: ನೀವು ಹೇಳಿದ್ದು ಸರಿ, ಆದರೆ ತಿರುಗುಮುರುಗಾಗಿ. ಶುರುವಿನಲ್ಲಿ ಸೇವೆಯ ನೆಪ ಕೂಡ ಇರಲಿಲ್ಲ! ಶಿಕಾಗೊದ ಆ ಮೊದಲ ಕ್ಲಬ್ಬು ಬರೆದುಕೊಂಡ ಉದ್ದೇಶಗಳು ಎರಡೇ: ಸದಸ್ಯರ ವ್ಯವಹಾರ ವೃದ್ಧಿ, ಸ್ನೇಹ. ಯಾರಿಂದ ಯಾರಿಗೆ ಎಷ್ಟು ವ್ಯಾಪಾರ ಆಯಿತು ಎಂದು ಲೆಕ್ಕ ಇಡಲು ಒಬ್ಬರನ್ನು ನೇಮಿಸಿಕೊಂಡಿದ್ದರು. 1906ರಲ್ಲಿ ಡೊನಾಲ್ಡ್ ಕಾರ್ಟರ್ ಎಂಬ ಪೇಟೆಂಟ್ ವಕೀಲರನ್ನು ಸೇರಲು ಕರೆದರು. ಅವರು ನಿಯಮಾವಳಿ ಓದಿ, ತಮ್ಮ ಸದಸ್ಯರಿಗಲ್ಲದೆ ಬೇರೆ ಯಾರಿಗೂ ಒಳ್ಳೆಯದು ಮಾಡದ ಸಂಘ ಬಹಳ ದಿನ ಬಾಳುವುದಿಲ್ಲ ಎಂದು ಒಪ್ಪಲಿಲ್ಲ. ಹಾಗಾದರೆ ತಿದ್ದಿ ಕೊಡಿ ಎಂದರು ಕ್ಲಬ್ಬಿನವರು. ನಗರದ ಹಿತವೂ ನಮ್ಮ ಉದ್ದೇಶ ಎಂಬ ಮೂರನೆಯ ಸಾಲು ಸೇರಿತು, ಕಾರ್ಟರ್ ಕೂಡ ಸೇರಿದರು. ನಿಮ್ಮಂತೆ ‘ಬರುವುದಿಲ್ಲ’ ಎಂದವರೇ ಕ್ಲಬ್ಬನ್ನು ಸೇವೆಗೆ ಎಳೆದದ್ದು. ಮೂರನೆಯ ಸಲ ಕರೆದರೆ ನೀವೂ ಒಂದು ಷರತ್ತು ಹಾಕಿ ನೋಡಬಹುದು.

ಆ ಸಾಲಿಗೆ ತಕ್ಕಂತೆ 1907ರಲ್ಲಿ ಅವರು ಕೈಗೆತ್ತಿಕೊಂಡ ಮೊದಲ ಸಾರ್ವಜನಿಕ ಕೆಲಸ ಯಾವುದು ಗೊತ್ತೇ? ಶೌಚಾಲಯ. ಶಿಕಾಗೊ ನಗರದ ನಡುಮಧ್ಯೆ ಸಾರ್ವಜನಿಕ ಶೌಚಾಲಯ ಕಟ್ಟಿಸಲು ನಗರಾಡಳಿತದ ಬೆನ್ನು ಬಿದ್ದರು. ವಿರೋಧ ಬಂದದ್ದು ಇಬ್ಬರಿಂದ. ನಮ್ಮ ಮದ್ಯದಂಗಡಿಗಳಲ್ಲಿ ಗಂಡಸರಿಗೆ ವ್ಯವಸ್ಥೆ ಇದೆಯಲ್ಲ ಎಂದು ಬಿಯರ್ ತಯಾರಕರು, ನಮ್ಮಲ್ಲಿ ಹೆಂಗಸರಿಗೆ ಇದೆಯಲ್ಲ ಎಂದು ದೊಡ್ಡ ಬಟ್ಟೆಬರೆ ಮಳಿಗೆಗಳವರು. ಒಳಗೆ ಹೋದವರು ಏನಾದರೂ ಕೊಂಡೇ ಹೊರಬರಬೇಕಲ್ಲ, ಅವರ ಕಷ್ಟ ಅದು. ಕೊನೆಗೆ ಶೌಚಾಲಯ ಆಯಿತು. ಇಂದು ಕ್ಲಬ್ಬುಗಳ ವೇದಿಕೆಯಲ್ಲಿ ಮಾತಾಡುವವರು ಈ ಸಂಗತಿಯನ್ನು ಮೆಲ್ಲಗೆ ದಾಟಿಸಿಬಿಡುತ್ತಾರೆ. ನನಗಂತೂ ರೋಟರಿಯ ಚರಿತ್ರೆಯಲ್ಲಿ ಅದೇ ಹೆಚ್ಚು ಇಷ್ಟ.

ಪ್ರಶ್ನೆ: ‘ರೋಟರಿ’ ಎಂದರೆ ಏನು? ಅದರ ಲಾಂಛನದಲ್ಲಿ ಚಕ್ರ ಯಾಕೆ?

ಉತ್ತರ: ಸಭೆ ಒಬ್ಬೊಬ್ಬ ಸದಸ್ಯನ ಕಚೇರಿಯಲ್ಲಿ ಸರದಿಯ ಮೇಲೆ ನಡೆಯುತ್ತಿತ್ತು, ಸುತ್ತುವ ಸಭೆ, ಅದಕ್ಕೆ ಆ ಹೆಸರು. ಮೊದಲು ಬರೆದದ್ದು ಬಂಡಿಯ ಚಕ್ರ. ಆಮೇಲೆ ಹಲ್ಲುಚಕ್ರವಾಯಿತು. ಈಗಿನದಕ್ಕೆ 24 ಹಲ್ಲು, 6 ಕಡ್ಡಿ. ನಡುವಿನ ತೂತಿನಲ್ಲಿ ಒಂದು ಸಣ್ಣ ಕಚ್ಚು ಇದೆ, ನೋಡಿ. ಅಚ್ಚಿಗೆ ಬಿಗಿಯಲು ಬೆಣೆ ಕೂರುವ ಜಾಗ ಇಲ್ಲದಿದ್ದರೆ ಚಕ್ರ ಸುಮ್ಮನೆ ತಿರುಗುತ್ತದೆ, ಕೆಲಸ ಮಾಡುವುದಿಲ್ಲ ಎಂದು ಎಂಜಿನಿಯರುಗಳು ಆಕ್ಷೇಪಿಸಿದ ಮೇಲೆ ಸೇರಿಸಿದ್ದು.

ಪ್ರಶ್ನೆ: ನಮ್ಮ ಮಕ್ಕಳ ಶಾಲೆಗೆ ಒಂದು ಕ್ಲಬ್ಬಿನವರು ನೀರಿನ ಫಿಲ್ಟರ್ ಕೊಟ್ಟರು. ಒಂದು ಫಿಲ್ಟರಿಗೆ ಹದಿನಾಲ್ಕು ಜನ ಫೋಟೊಗೆ ನಿಂತರು. ನಾಮಫಲಕ ಫಿಲ್ಟರಿಗಿಂತ ದೊಡ್ಡದು. ಇದು ಸೇವೆಯೋ ಪ್ರಚಾರವೋ?
(ಒಬ್ಬ ತಾಯಿ)

ಉತ್ತರ: ಅಮ್ಮಾ, ನಿಮ್ಮ ಪತ್ರ ಓದುವಾಗ ನನ್ನ ಕಿವಿ ಬಿಸಿಯಾಯಿತು. ಇಂಥದೇ ಒಂದು ಫೋಟೊದಲ್ಲಿ ನಾನೂ ಇದ್ದೇನೆ, ಎಡಗಡೆಯಿಂದ ಮೂರನೆಯವನು.

ನಾನು ಎರಡನೆಯ ಸಲ ಕಾರ್ಯದರ್ಶಿಯಾಗಿದ್ದಾಗ ಒಂದು ಶಾಲೆಗೆ ನಾವೂ ಫಿಲ್ಟರ್ ಕೊಟ್ಟೆವು. ಫಲಕದಲ್ಲಿ ಏಳು ಹೆಸರು, ನನ್ನದೂ ಸೇರಿ. ಎರಡು ವರ್ಷ ಬಿಟ್ಟು ಬೇರೆ ಕೆಲಸಕ್ಕೆ ಅಲ್ಲಿಗೆ ಹೋದೆ. ಫಲಕ ಥಳಥಳ ಹೊಳೆಯುತ್ತಿತ್ತು. ನಲ್ಲಿಯ ಬಾಯಿಗೆ ಬಟ್ಟೆ ಬಿಗಿದು ಕಟ್ಟಿದ್ದರು. ಒಳಗಿನ ಕ್ಯಾಂಡಲ್ ಕಟ್ಟಿಕೊಂಡು ನೀರು ಇಳಿಯುತ್ತಿರಲಿಲ್ಲ. ಶಾಲೆಯವರು ಕ್ಲಬ್ಬಿನವರು ಬದಲಿಸುತ್ತಾರೆ ಎಂದುಕೊಂಡಿದ್ದರು, ಕ್ಲಬ್ಬಿನವರು ಶಾಲೆಯವರು ಬದಲಿಸುತ್ತಾರೆ ಎಂದುಕೊಂಡಿದ್ದರು. ಮನೆಗೆ ಬಂದು ನಡಾವಳಿ ತೆಗೆದು ನೋಡಿದೆ. ಉದ್ಘಾಟನೆ ಯಾರಿಂದ, ಸ್ವಾಗತ ಯಾರು, ವಂದನಾರ್ಪಣೆ ಯಾರು ಎಲ್ಲ ನನ್ನ ಕೈಬರಹದಲ್ಲೇ ಇದೆ. ಕ್ಯಾಂಡಲ್ ಬದಲಿಸುವವರು ಯಾರು ಎಂಬುದೊಂದು ಇಲ್ಲ. ತಪ್ಪು ಬೇರೆ ಯಾರದೂ ಅಲ್ಲ, ಬರೆದುಕೊಳ್ಳಬೇಕಾದವನು ನಾನು.

ಆಮೇಲೆ ನಾನೊಂದು ಹಟ ಹಿಡಿದೆ. ಯಾವ ವಸ್ತು ಕೊಟ್ಟರೂ, ಅದರ ಉಸ್ತುವಾರಿ ಯಾರದು, ಎಷ್ಟು ತಿಂಗಳಿಗೊಮ್ಮೆ ಹೋಗಿ ನೋಡಬೇಕು, ರಿಪೇರಿಯ ದುಡ್ಡು ಎಲ್ಲಿಂದ ಎಂಬ ಮೂರು ಸಾಲು ಠರಾವಿನಲ್ಲಿ ಇರದಿದ್ದರೆ ನಾನು ಸಹಿ ಹಾಕುವುದಿಲ್ಲ. ಇದರಿಂದ ಒಬ್ಬ ಅಧ್ಯಕ್ಷರ ವರ್ಷದ ಪ್ರಾಜೆಕ್ಟುಗಳ ಸಂಖ್ಯೆ ಹೋದ ವರ್ಷದ ಕಾಲು ಭಾಗಕ್ಕೆ ಇಳಿಯಿತು. ಅವರು ಬಹಳ ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ಅವರ ಸಿಟ್ಟೂ ಅರ್ಥವಾಗುವಂಥದೇ. ಇರುವುದು 12 ತಿಂಗಳು, ಜೂನ್ ಒಳಗೆ ತೋರಿಸಲು ಏನಾದರೂ ಬೇಕು, ಉದ್ಘಾಟನೆಗೆ ಅಂಕ ಸಿಗುತ್ತದೆ, ದುರಸ್ತಿಗೆ ಸಿಗುವುದಿಲ್ಲ. ಒಂದು ವರ್ಷದ ಅಧಿಕಾರ ಎಂಬುದು ಎಲ್ಲರಿಗೂ ಅವಕಾಶ ಸಿಗಲಿ ಎಂಬ ಒಳ್ಳೆಯ ಉದ್ದೇಶದಿಂದ ಬಂದ ಪದ್ಧತಿ. ಹಳೆಯ ಕೆಲಸ ಅನಾಥವಾಗುವುದೂ ಅದರಿಂದಲೇ.

ಆ ಪದ್ಧತಿಯೊಳಗೇ ಇದ್ದುಕೊಂಡು ಕೈಬಿಡದೆ ಮಾಡಿದ ಕೆಲಸವೂ ಉಂಟು. ರೋಟರಿಯವರು 1979ರಲ್ಲಿ ಫಿಲಿಪ್ಪೀನ್ಸಿನ ಮಕ್ಕಳಿಗೆ ಪೋಲಿಯೊ ಲಸಿಕೆ ಕೊಡಿಸುವ ಯೋಜನೆಗೆ ಕೈಹಾಕಿದರು. 1985ರಲ್ಲಿ ಅದನ್ನು ಜಗತ್ತಿಗೇ ವಿಸ್ತರಿಸಿ ಪೋಲಿಯೊ ಪ್ಲಸ್ ಎಂದರು. 12 ಕೋಟಿ ಡಾಲರ್ ಸಂಗ್ರಹಿಸುವ ಗುರಿ ಇತ್ತು, 1988ರ ಹೊತ್ತಿಗೆ ಅದರ ಎರಡು ಪಟ್ಟು ಮೀರಿ ಬಂತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮುಂತಾದವರ ಜೊತೆ ಸೇರಿ ನಿರ್ಮೂಲನೆಯ ಕೆಲಸ ಶುರುವಾದಾಗ 125 ದೇಶಗಳಲ್ಲಿ ಪೋಲಿಯೊ ಇತ್ತು, ವರ್ಷಕ್ಕೆ ಸುಮಾರು 3.5 ಲಕ್ಷ ಮಕ್ಕಳು ಅದಕ್ಕೆ ತುತ್ತಾಗುತ್ತಿದ್ದರು. ಈಗ ಕಾಡು ಪೋಲಿಯೊ, ಅಂದರೆ ಸಹಜವಾಗಿ ಹರಡುವ ಪೋಲಿಯೊ ವೈರಸ್, ಬೇರು ಬಿಟ್ಟಿರುವುದು ಪಾಕಿಸ್ತಾನ, ಅಫ್ಘಾನಿಸ್ತಾನ ಎರಡರಲ್ಲೇ. ಭಾರತದ ಕೊನೆಯ ಪ್ರಕರಣ 2011ರ ಜನವರಿ 13ರದು. ನಲವತ್ತು ವರ್ಷದಲ್ಲಿ ನಲವತ್ತು ಅಂತರರಾಷ್ಟ್ರೀಯ ಅಧ್ಯಕ್ಷರು ಬದಲಾದರು, ಪ್ರತಿಯೊಬ್ಬರೂ ತಮ್ಮದೊಂದು ಹೊಸ ಘೋಷವಾಕ್ಯ ತಂದರು, ಲಸಿಕೆಯ ಕೆಲಸವನ್ನು ಮಾತ್ರ ಯಾರೂ ಬದಿಗಿಡಲಿಲ್ಲ.

ನಿಮ್ಮ ಶಾಲೆಯ ಫಿಲ್ಟರ್ ವಿಷಯಕ್ಕೆ ಬಂದರೆ, ಫಲಕದಲ್ಲಿ ಇರುವ ಹೆಸರುಗಳನ್ನು ಬರೆದುಕೊಂಡು, ಆರು ತಿಂಗಳಾದ ಮೇಲೆ ಅವರಲ್ಲಿ ಒಬ್ಬರಿಗೆ ಫೋನ್ ಮಾಡಿ ಕ್ಯಾಂಡಲ್ ಬದಲಿಸುವ ದಿನ ಬಂತು ಎನ್ನಿ. ಫಲಕ ದೊಡ್ಡದಿದ್ದಷ್ಟೂ ನಿಮಗೆ ಅನುಕೂಲ.

ಪ್ರಶ್ನೆ: ರೋಟರಿಗೂ ಲಯನ್ಸಿಗೂ ಇರುವ ವ್ಯತ್ಯಾಸ ಬ್ಯಾಡ್ಜಿನದು ಮಾತ್ರವೇ?

ಉತ್ತರ: ಹೊರಗಿನಿಂದ ನೋಡುವವರಿಗೆ ಬಹುಮಟ್ಟಿಗೆ ಹೌದು. ಎರಡೂ ಹುಟ್ಟಿದ್ದು ಶಿಕಾಗೊದಲ್ಲೇ. ಮೆಲ್ವಿನ್ ಜೋನ್ಸ್ ವಿಮಾ ವ್ಯವಹಾರದವರು, ವ್ಯಾಪಾರಸ್ಥರ ಒಂದು ಕೂಟದ ಕಾರ್ಯದರ್ಶಿ. ಪರಸ್ಪರ ಲಾಭ ಮಾಡಿಕೊಳ್ಳುವುದಷ್ಟೇ ಸಾಕೇ ಎಂದು ಅವರಿಗೆ ಅನಿಸಿ, ಹಾಗೆಯೇ ಯೋಚಿಸುತ್ತಿದ್ದ ಬೇರೆ ಬೇರೆ ಊರಿನ ಕ್ಲಬ್ಬುಗಳನ್ನು 1917ರ ಜೂನ್ 7ರಂದು ಒಂದು ಹೋಟೆಲಿನಲ್ಲಿ ಕೂಡಿಸಿದರು. ಅದೇ ಅಕ್ಟೋಬರಿನಲ್ಲಿ ಡಲ್ಲಾಸ್‌ನಲ್ಲಿ ಮೊದಲ ಮಹಾಸಭೆ. ಸದಸ್ಯರ ಹಣಕಾಸಿನ ಅಭಿವೃದ್ಧಿಯನ್ನು ಯಾವ ಕ್ಲಬ್ಬೂ ಗುರಿಯಾಗಿ ಇಟ್ಟುಕೊಳ್ಳಕೂಡದು ಎಂದು ಮೊದಲಿಗೇ ಕಟ್ಟು ಹಾಕಿಕೊಂಡರು. ಹನ್ನೆರಡು ವರ್ಷ ಮೊದಲು ಹುಟ್ಟಿದ ಅಣ್ಣ ಎಡವಿದ್ದನ್ನು ತಮ್ಮ ನೋಡಿ ಕಲಿತ ಹಾಗೆ.

ಕಣ್ಣಿನ ಕೆಲಸ ಲಯನ್ಸಿನ ಗುರುತಾದದ್ದು 1925ರಲ್ಲಿ. ಒಹಾಯೊದ ಸೀಡರ್ ಪಾಯಿಂಟಿನ ಮಹಾಸಭೆಗೆ ಹೆಲೆನ್ ಕೆಲ್ಲರ್ ಬಂದು, ಅಂಧರ ಪರವಾಗಿ ಕತ್ತಲೆಯ ವಿರುದ್ಧ ಹೋರಾಡುವ ವೀರರಾಗಿ ಎಂದು ಕೇಳಿಕೊಂಡರು. ಅಲ್ಲಿಂದ ಈಚೆಗೆ ನೇತ್ರ ಶಿಬಿರ, ಪೊರೆ ಶಸ್ತ್ರಚಿಕಿತ್ಸೆ, ಹಳೆಯ ಕನ್ನಡಕ ಸಂಗ್ರಹ, ಬಿಳಿ ಕೋಲು. ಒಬ್ಬ ಅತಿಥಿಯ ಒಂದು ಭಾಷಣ ನೂರು ವರ್ಷದ ಕೆಲಸ ಕೊಟ್ಟ ಉದಾಹರಣೆ ನನಗೆ ಇನ್ನೊಂದು ಗೊತ್ತಿಲ್ಲ. ನಮ್ಮ ಕ್ಲಬ್ಬಿಗೆ ಬಂದ ಅತಿಥಿಗಳ ಭಾಷಣ ನಾನೇ ನಡಾವಳಿಯಲ್ಲಿ ಬರೆದವನು. ‘ಅರ್ಥಪೂರ್ಣವಾಗಿ ಮಾತನಾಡಿದರು’ ಎಂಬುದರ ಆಚೆ ಏನೂ ಇಲ್ಲ.

ಪ್ರಶ್ನೆ: ನನ್ನ ಅತ್ತೆ ಒಳ್ಳೆಯ ವೈದ್ಯೆ. ಮಾವ ಸದಸ್ಯರು, ಅತ್ತೆ ಮಾತ್ರ ‘ಸದಸ್ಯರ ಪತ್ನಿ’. ಹೆಂಗಸರನ್ನು ಯಾಕೆ ಸೇರಿಸಿಕೊಳ್ಳುತ್ತಿರಲಿಲ್ಲ?

ಉತ್ತರ: ನಿಯಮದಲ್ಲಿ ಗಂಡಸರು ಎಂದಿತ್ತು, ಬದಲಿಸುವವರೂ ಗಂಡಸರೇ ಆಗಿದ್ದರು, ಅದಕ್ಕೆ. ಸೇವೆಗೆ ಹೆಂಗಸರು ಇವರನ್ನು ಕಾಯಲಿಲ್ಲ ಎಂಬುದು ಬೇರೆ ಮಾತು. 1919ರಲ್ಲಿ ಜೊಂಟಾ, 1921ರಲ್ಲಿ ಸೊರೊಪ್ಟಿಮಿಸ್ಟ್ ಕ್ಲಬ್ಬುಗಳನ್ನು ತಾವೇ ಕಟ್ಟಿಕೊಂಡರು. ರೋಟರಿ ಸದಸ್ಯರ ಮನೆಯ ಹೆಂಗಸರ ಇನ್ನರ್ ವೀಲ್ 1924ರಲ್ಲಿ ಮ್ಯಾಂಚೆಸ್ಟರಿನಲ್ಲಿ, ಮಾರ್ಗರೆಟ್ ಗೋಲ್ಡಿಂಗ್ ಅವರ ಮುಂದಾಳತ್ವದಲ್ಲಿ ಶುರುವಾಯಿತು.

ಗೋಡೆ ಒಡೆದದ್ದು ಒಂದು ಪುಟ್ಟ ಕ್ಲಬ್ಬು. ಕ್ಯಾಲಿಫೋರ್ನಿಯಾದ ಡುವಾರ್ಟೆಯ ರೋಟರಿಯವರು 1977ರಲ್ಲಿ ಮೂವರು ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಂಡರು. ಮರುವರ್ಷ ಕೇಂದ್ರದವರು ಅವರ ಚಾರ್ಟರ್, ಅಂದರೆ ಕ್ಲಬ್ಬಿನ ಮಾನ್ಯತಾ ಪತ್ರ, ಕಿತ್ತುಕೊಂಡರು. ಇವರು ಬಾಗಿಲು ಮುಚ್ಚಲಿಲ್ಲ. ಬ್ಯಾಡ್ಜಿನ ಚಕ್ರದ ಮೇಲೆ ದೊಡ್ಡದಾಗಿ ಕಾಟು ಹಾಕಿಕೊಂಡು, ‘ಮಾಜಿ ರೋಟರಿ ಕ್ಲಬ್’ ಎಂದು ಹೆಸರಿಟ್ಟುಕೊಂಡು ಸಭೆ ನಡೆಸುತ್ತಲೇ ಹೋದರು. ಕೋರ್ಟಿಗೂ ಹೋದರು. 1987ರ ಮೇ 4ರಂದು ಅಮೆರಿಕದ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. ಅದೇ ವರ್ಷ ಲಯನ್ಸ್ ಕೂಡ ಬಾಗಿಲು ತೆರೆಯಿತು, 1989ರಲ್ಲಿ ರೋಟರಿ ಜಗತ್ತಿನಾದ್ಯಂತ ನಿಯಮ ತಿದ್ದಿತು. ರೋಟರಿಯ ಅಂತರರಾಷ್ಟ್ರೀಯ ಅಧ್ಯಕ್ಷ ಪದವಿಗೆ ಮೊದಲ ಮಹಿಳೆ, ಜೆನಿಫರ್ ಜೋನ್ಸ್, ಬಂದದ್ದು 2022ರಲ್ಲಿ. 1905ರಿಂದ ಲೆಕ್ಕ ಹಾಕಿ. ನಿಮ್ಮ ಅತ್ತೆಯವರಿಗೆ ಈಗಲೂ ಆಸಕ್ತಿ ಇದ್ದರೆ ಅರ್ಜಿ ಅವರ ಹೆಸರಿನಲ್ಲೇ ಹೋಗಲಿ, ವೃತ್ತಿಯ ಕಾಲಂನಲ್ಲಿ ‘ವೈದ್ಯೆ’ ಎಂದಿರಲಿ.

ಪ್ರಶ್ನೆ: ಸಭೆಯಲ್ಲಿ ಗಂಟೆ ಬಾರಿಸುವುದು, ತಡವಾಗಿ ಬಂದವರಿಗೆ ದಂಡ ಹಾಕುವುದು, ಇದೆಲ್ಲ ಮಕ್ಕಳಾಟ ಅಲ್ಲವೇ?

ಉತ್ತರ: ಹೌದು. ಗಂಟೆ ಇಲ್ಲದಿದ್ದರೆ ಸಭೆ ಮುಗಿಯುವುದಿಲ್ಲ, ದಂಡ ಇಲ್ಲದಿದ್ದರೆ ಶುರುವಾಗುವುದಿಲ್ಲ.

ಪ್ರಶ್ನೆ: ನಾಲ್ಕು ಸಲ ಕಾರ್ಯದರ್ಶಿಯಾದವರನ್ನು ಅಧ್ಯಕ್ಷರಾಗಿ ಎಂದು ಯಾರೂ ಕೇಳಲೇ ಇಲ್ಲವೇ?
(ಕುತೂಹಲಿ)

ಉತ್ತರ: ಒಂದು ಸಲ ಕೇಳಿದ್ದರು. ಮೂವರು ಮಾಜಿ ಅಧ್ಯಕ್ಷರು ಒಟ್ಟಾಗಿ ಮನೆಗೆ ಬಂದಿದ್ದರು. ಆಗ ಗಾಲಿಕುರ್ಚಿಯ ರಿಜಿಸ್ಟರ್ ಕೊನೆಯ ಪುಟಕ್ಕೆ ಬಂದಿತ್ತು, ವಾಚ್‌ಮನ್‌ಗೆ ಕೊಡಲು ಹೊಸ ಪುಸ್ತಕಕ್ಕೆ ಸ್ಕೇಲ್ ಹಿಡಿದು ಗೆರೆ ಹಾಕುತ್ತ ಕೂತಿದ್ದೆ. ಷರಾ ಕಾಲಂ ಈ ಸಲ ಸ್ವಲ್ಪ ಅಗಲ ಇರಲಿ ಎಂದು ಅವನು ಹೇಳಿ ಕಳಿಸಿದ್ದ. ‘ಇದೊಂದು ಮುಗಿಸಿ ಹೇಳುತ್ತೇನೆ, ಕೂತಿರಿ’ ಎಂದೆ. ಇನ್ನೂರು ಪುಟದ ಪುಸ್ತಕ. ಅವರು ಕಾಯಲಿಲ್ಲ.